ಇನ್ನೊಂದು ಸೌಟು ಬೇಡವೆಂದವರಿಗೆ

ಫೆಬ್ರವರಿ ೩೧, ೨೨೧೪

ಮಿಲಿಟರಿ ಹೋಟೆಲಿನಲ್ಲಿ ಉಂಡು ವಿಡಿಯೊ ಮಾಡಿದ ಚೆಲುವರಾಜು ಅವರಿಗೆ,

ದಿನಾಂಕ ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತೊಂದು ದಿನ ಕೊಟ್ಟಿದ್ದಾರೆ, ಪಾಪ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ವಿಡಿಯೊ ನೋಡಿಯೇ. ಮಾತು ಎಲ್ಲಾದರೂ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಹೊಟ್ಟೆಕಿಚ್ಚನ್ನು ಮಾತ್ರ ಕ್ಷಮಿಸಬೇಕಾಗಿಲ್ಲ, ಅದನ್ನು ಬೇಕೆಂದೇ ಬರೆಯುತ್ತಿದ್ದೇನೆ.

ನಾವು ಉಣ್ಣುವುದು ತೂಕದೂಟ. ಗೋಡೆಯ ಪೆಟ್ಟಿಗೆ ನಮ್ಮ ಮೈ ಅಳೆದು, ಅವರವರಿಗೆ ಬೇಕಾದಷ್ಟೇ ಸತ್ವವಿರುವ ಬೂದು ಬಣ್ಣದ ಬಿಲ್ಲೆಯೊಂದನ್ನು ಹೊರಗಿಡುತ್ತದೆ. ಕಾಸಿಲ್ಲ, ರುಚಿಯೂ ಇಲ್ಲ. ಇನ್ನಷ್ಟು ಕೇಳಿದರೆ ಪೆಟ್ಟಿಗೆ ಕೊಡುವುದಿಲ್ಲ. ಕೋಳಿಯನ್ನು ನಾನು ನೋಡಿರುವುದು ಚಿತ್ರದಲ್ಲಿ. ಆಲೂಗಡ್ಡೆ ಬೀಜಾಗಾರದಲ್ಲಿದೆ, ಅಂದರೆ ಹಳೆಯ ಬೆಳೆಗಳನ್ನು ಬೀಗ ಹಾಕಿ ಕಾಯುವ ಮನೆಯಲ್ಲಿ; ಗಾಜಿನಾಚೆಯಿಂದ ನೋಡಿ ಬರಬಹುದು. ನೀವೋ ನಾಲ್ಕು ಪೀಸು ಕೋಳಿ, ದಪ್ಪ ದಪ್ಪ ಆಲೂಗಡ್ಡೆ, ಮುದ್ದೆ, ಮೇಲೆ ಸಾರು ಇಟ್ಟುಕೊಂಡು, "ನೂರೆಂಬತ್ತು ರೂಪಾಯಿಗೆ ಬರೀ ಆಲೂಗಡ್ಡೇನೇ ಹಾಕವ್ರೆ ಗುರು" ಎಂದು ಮುಖ ಸಿಂಡರಿಸುತ್ತೀರಿ. ಬೆಲೆ ಜಾಸ್ತಿಯಾಯಿತೆಂದು ಗೊಣಗುವ ಭಾಗ್ಯವೂ ನಿಮ್ಮದೇ! ಆ ತಟ್ಟೆಯನ್ನು ನಾನು ಲೆಕ್ಕ ಹಾಕಿದೆ. ಸುಮಾರು ಎಂಟುನೂರು ಕ್ಯಾಲೊರಿ, ನಲವತ್ತು ಗ್ರಾಂ ಪ್ರೋಟೀನು. ನನ್ನ ಅಪ್ಪನ ಬಿಲ್ಲೆಯಲ್ಲೂ ಅಷ್ಟೇ ಇದೆ. ಆದರೂ ಅಪ್ಪ ಉಣ್ಣುತ್ತಿಲ್ಲ.

ಅಪ್ಪನಿಗೆ ತೊಂಬತ್ತೊಂದು ವರ್ಷ. ಚಿಕ್ಕಂದಿನಲ್ಲಿ, ಕೊನೆಯ ಕೋಳಿಗಳ ಕಾಲದಲ್ಲಿ, ಅವರು ಈ ಸಾರು ಉಂಡವರು. ಅದಕ್ಕೆ ಅವರ ಮೇಲೂ ನನಗೆ ಒಳಗೊಳಗೇ ಉರಿ. ಈಗ ನಿಮ್ಮ ವಿಡಿಯೊ ಹಾಕಿದರೆ ಮಾತ್ರ ಬಿಲ್ಲೆ ಮುರಿದು ಬಾಯಿಗಿಡುತ್ತಾರೆ. ನೀವು ಮುದ್ದೆ ಮುರಿದಾಗ ಅವರೂ ಮುರಿಯುತ್ತಾರೆ, ನೀವು ಮೂಳೆ ಚೀಪಿದಾಗ ಅವರೂ ಬೆರಳು ಚೀಪುತ್ತಾರೆ. ಪಕ್ಕದಲ್ಲಿ ಕೂತು ನೀರು ಕೊಡುವವಳು ನಾನು, ಅವರು ನಗುವುದು ನಿಮ್ಮನ್ನು ನೋಡಿ. ಇದನ್ನು ಸಹಿಸಿಕೊಳ್ಳುವುದು ಸುಲಭವಲ್ಲ.

ಊಟದ ಅರ್ಧಕ್ಕೆ ಹೋಟೆಲಿನ ಗಂಗಕ್ಕ ಬಕೆಟ್ಟು ಹಿಡಿದು ಬರುತ್ತಾಳೆ. "ಇನ್ನೊಂದ್ ಸೌಟು ಬಿಟ್ಕಳಿ ಸಾ, ಸಾರ್ಗೇನ್ ಕಾಸಿಲ್ಲ" ಅನ್ನುತ್ತಾಳೆ. ಕೋಳಿಗೆ ಲೆಕ್ಕ, ಸಾರಿಗೆ ಲೆಕ್ಕವಿಲ್ಲ! ಕೇಳದೆಯೇ ಬಡಿಸುವವರು ನಿಮ್ಮ ಲೋಕದಲ್ಲಿದ್ದರು ಎಂದು ನೆನೆದರೆ ಕೋಳಿಗಿಂತ ಅವಳ ವಿಷಯಕ್ಕೇ ನನಗೆ ಹೆಚ್ಚು ಹೊಟ್ಟೆ ಉರಿಯುತ್ತದೆ. ಅಪ್ಪನೂ ತಮ್ಮ ಖಾಲಿ ಬಟ್ಟಲನ್ನು ಮುಂದಕ್ಕೆ ತಳ್ಳುತ್ತಾರೆ. ಅಷ್ಟರಲ್ಲಿ ನೀವು, "ಸಾಕು ಬಿಡಕ್ಕ" ಎಂದು ತಟ್ಟೆಯ ಮೇಲೆ ಕೈ ಅಡ್ಡ ಇಡುತ್ತೀರಿ. ಗಂಗಕ್ಕ ಮುಂದಿನ ಟೇಬಲ್ಲಿಗೆ ಹೋಗಿಬಿಡುತ್ತಾಳೆ. "ಯಾಕ್ ಬ್ಯಾಡ ಅಂದ ಇವ್ನು?" ಎಂದು ಕೇಳಿ ಅಪ್ಪ ಅರ್ಧ ಬಿಲ್ಲೆಯನ್ನು ಕೆಳಗಿಡುತ್ತಾರೆ. ಆಮೇಲೆ ಎಷ್ಟು ಬೇಡಿಕೊಂಡರೂ ಮುಟ್ಟುವುದಿಲ್ಲ. ದಿನವೂ ಅಲ್ಲಿಗೇ ನಿಲ್ಲುತ್ತದೆ. ಅವರ ಕೈ ಕಡ್ಡಿಯಂತಾಗಿದೆ.

ನಿಮ್ಮ ಕೋಳಿ ನನಗೆ ಬೇಡ, ಆಲೂಗಡ್ಡೆಯೂ ಬೇಡ. ಆ ಹೋಟೆಲಿಗೆ ಹೋಗುವ ಮೊದಲೇ ಈ ಪತ್ರ ನಿಮ್ಮ ಕೈ ಸೇರಿದರೆ ಒಂದೇ ಉಪಕಾರ ಮಾಡಿ: ಗಂಗಕ್ಕ ಬಂದಾಗ ಕೈ ಅಡ್ಡ ಇಡಬೇಡಿ. ಸೇರಿತೋ ಇಲ್ಲವೋ ನಮಗೆ ನಾಳೆ ಊಟದ ಹೊತ್ತಿಗೆ ವಿಡಿಯೊ ಹಾಕಿದಾಗ ತಿಳಿಯುತ್ತದೆ. ಅಪ್ಪ ಬಟ್ಟಲು ತಳ್ಳಿಕೊಂಡು ಕೂತಿರುತ್ತಾರೆ.

ಹೊಟ್ಟೆಕಿಚ್ಚಿನಿಂದ,
ಸಿರಿಗೌರಿ