ಚೀನಾ ಬೇರಿನ ಕ್ಯಾಪ್ಸೂಲ್ ಒಳಗೆ ಏನಿದೆ?

ಔಷಧಗಳನ್ನು ಪರೀಕ್ಷಿಸುವ ಅಧಿಕಾರ ಹೊತ್ತಿರುವ ಮಾನ್ಯರೇ,

ನಮ್ಮೂರಿನ ಸವಳಂಗ ರಸ್ತೆಯ ಅಂಗಡಿಯೊಂದರಲ್ಲಿ, ಕ್ಯಾನ್ಸರ್ ಗುಣಪಡಿಸುವ ಚೀನಾ ಗಿಡಮೂಲಿಕೆ ಎಂದು ಮಾರುತ್ತಿರುವ ಕ್ಯಾಪ್ಸೂಲಿನೊಳಗೆ ಏನಿದೆಯೆಂದು ತಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಮಾರಲು ಏಕೆ ಬಿಟ್ಟಿದ್ದೀರಿ? ಗೊತ್ತಿದ್ದರೆ ನಮಗೇಕೆ ಹೇಳುತ್ತಿಲ್ಲ? ಇವೆರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕೆಂದು ನನಗಿನ್ನೂ ತಿಳಿದಿಲ್ಲ.

ನನ್ನ ಅಕ್ಕ ಮಹಾಂತಮ್ಮ ಭದ್ರಾವತಿಯ ಕಾಗದನಗರದಲ್ಲಿದ್ದಾಳೆ. ಹೋದ ವರ್ಷ ಅವಳಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಇರುವುದು ಗೊತ್ತಾಯಿತು. ಡ್ರಿಪ್ಪಿನಲ್ಲಿ ಕೊಡುತ್ತಿದ್ದ ಕೀಮೋದಿಂದ ಗಡ್ಡೆ ಕುಗ್ಗುತ್ತಿತ್ತು. ಭೇದಿಯಿಂದ ಅಕ್ಕನೂ ಕುಗ್ಗುತ್ತಿದ್ದಳು. ಆಗ ಯಾರೋ ಈ ಕ್ಯಾಪ್ಸೂಲಿನ ಸುದ್ದಿ ತಂದರು. "ಆ ಡ್ರಿಪ್ ಇನ್ನು ನನ್ ಕೈಲಾಗಲ್ಲ ಕಣೆ ಸುಮನಾ. ಇದು ಬರೀ ಬೇರು, ಏನೂ ತೊಂದ್ರೆ ಮಾಡಲ್ಲ," ಎಂದಳು. ಕ್ಯಾಪ್ಸೂಲ್ ನುಂಗತೊಡಗಿ, ಆಸ್ಪತ್ರೆಗೆ ಹೋಗುವುದನ್ನೇ ನಿಲ್ಲಿಸಿದಳು.

ನಾನು ಅಂಗಡಿಗೆ ಹೋದೆ. ಮಾಲೀಕ ಮೊಬೈಲಿನಲ್ಲಿ ಕ್ಯಾನ್ಸರ್ ಕೋಶಗಳು ಸಾಯುವ ವಿಡಿಯೊ ತೋರಿಸಿದ.

"ರಿಸರ್ಚ್ ಆಗಿದೆ, ನೋಡಿ ಮೇಡಂ."

"ಯಾರ ಮೇಲೆ ಆಗಿದೆ?"

"ಲ್ಯಾಬಲ್ಲಿ. ಗಾಜಿನ ತಟ್ಟೇಲಿ ಬೆಳೆಸಿದ ಕೋಶಗಳ ಮೇಲೆ."

"ನಮ್ಮಕ್ಕ ತಟ್ಟೇಲಿ ಇಲ್ವಲ್ಲ," ಎಂದೆ. ಅವನು ಬೇರೆ ಗಿರಾಕಿಯ ಕಡೆ ತಿರುಗಿದ.

ಅಕ್ಕನ ಕ್ಯಾಪ್ಸೂಲಿನ ಬಾಟಲಿ ಹಿಡಿದು ತಮ್ಮ ಕಚೇರಿಗೆ ಬಂದೆ. "ಇದು ಔಷಧಿ ಅಲ್ಲಮ್ಮ, ಫುಡ್ ಸಪ್ಲಿಮೆಂಟು. ಆಹಾರದವರನ್ನ ಕೇಳಿ," ಎಂದರು ತಮ್ಮ ಸಿಬ್ಬಂದಿ. ಆಹಾರ ಸುರಕ್ಷತಾ ಕಚೇರಿಯವರು ಲೇಬಲ್ಲಿನ ಮೇಲೆ ಕ್ಯಾನ್ಸರ್ ಎಂಬ ಪದ ಕಂಡು ಮತ್ತೆ ತಮ್ಮಲ್ಲಿಗೇ ಅಟ್ಟಿದರು. ನಾನು ಹೀಗೆ ಅಲೆಯುತ್ತಿರುವಾಗಲೇ ಅಕ್ಕನ ಕಣ್ಣು ಹಳದಿಯಾಯಿತು.

ಮತ್ತೆ ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯೆ ಮಾನಸ ಬೈಯಲಿಲ್ಲ. "ಅಮ್ಮ, ನಿಮಗೆ ಹಾಕ್ತಿದ್ದ ಡ್ರಿಪ್ಪಿನ ಔಷಧಿ ಮೂಲದಲ್ಲಿ ಬಂದಿದ್ದೂ ಚೀನಾದ ಒಂದು ಮರದಿಂದಲೇ," ಎಂದರು. ಆ ಮರದ ಸತ್ವವನ್ನು ಬೇರ್ಪಡಿಸಿ, ಮಾರ್ಪಡಿಸಿ, ರೋಗಿಗಳ ಮೇಲೆ ವರ್ಷಗಟ್ಟಲೆ ಪರೀಕ್ಷಿಸಿದ ಮೇಲೆ ಅದು ಔಷಧವಾಯಿತಂತೆ. ಅಕ್ಕ, "ಹಂಗಾದ್ರೆ ಅದನ್ನೇ ಹಾಕಿ," ಎಂದಳು. ಲಿವರ್ ಸುಧಾರಿಸುವವರೆಗೆ ಹಾಕುವಂತಿರಲಿಲ್ಲ. ಸುಧಾರಿಸುವಷ್ಟರಲ್ಲಿ ರೋಗ ಶ್ವಾಸಕೋಶಕ್ಕೆ ಹರಡಿತ್ತು.

ಕಾಮಾಲೆಗೆ ಕ್ಯಾಪ್ಸೂಲೇ ಕಾರಣ ಎಂದು ವೈದ್ಯೆ ಹೇಳಲಿಲ್ಲ. ಒಳಗೇನಿದೆಯೆಂದು ತಿಳಿಯದೆ ಹೇಗೆ ಹೇಳಿಯಾರು? ತಿಳಿಯದೆ ಇರುವುದು ಯಾರಿಗೆ ಅನುಕೂಲ ಎಂಬ ಅನುಮಾನ ಮಾತ್ರ ನನ್ನನ್ನು ಬಿಡುತ್ತಿಲ್ಲ. ಗಿಡಮೂಲಿಕೆಗಳ ಮೇಲೆ ನನಗೆ ದ್ವೇಷವಿಲ್ಲ. ನಾಳೆಯ ಔಷಧ ಯಾವುದೋ ಬೇರಿನಲ್ಲೇ ಇರಬಹುದು. ಪರೀಕ್ಷೆಯಾಗಿ ಬರಲಿ.

ಆ ಕ್ಯಾಪ್ಸೂಲನ್ನು ಪ್ರಯೋಗಾಲಯಕ್ಕೆ ಕಳಿಸಿ, ಫಲಿತಾಂಶವನ್ನು ಪತ್ರಿಕೆಯಲ್ಲಿ ಪ್ರಕಟಿಸಿ. ಅಲ್ಲಿಯವರೆಗೆ ಮಾರಾಟ ನಿಲ್ಲಿಸಿ. ಸದ್ಯ ತಮ್ಮ ಕೆಲಸವನ್ನು ಅಕ್ಕ ಆಸ್ಪತ್ರೆಯಲ್ಲಿ ಮಲಗಿದಲ್ಲಿಂದಲೇ ಮಾಡುತ್ತಿದ್ದಾಳೆ. ಡ್ರಿಪ್ಪಿಗೆ ಬಂದವರನ್ನೆಲ್ಲ, "ನೀವೂ ಆ ಕ್ಯಾಪ್ಸೂಲ್ ತಗೊಳ್ತಿಲ್ಲ ತಾನೆ?" ಎಂದು ಕೇಳುತ್ತಾಳೆ. ನಿನ್ನೆ ಇಬ್ಬರು ತಲೆ ತಗ್ಗಿಸಿದರು.

ಇಂತಿ,
ತಮ್ಮ ಮೌನವನ್ನೂ ಅನುಮಾನಿಸುವಂತಾದ
ಸುಮನಾ, ನವುಲೆ