ಅಪ್ಪ ಹಾಕಿದ ಬಲಗಡೆ ಬ್ರೇಕು

ಮನೆ
ಭಾನುವಾರ, ಮಧ್ಯಾಹ್ನ

ಪ್ರೀತಿಯ ಬೋಲ್ಟಕ್ಕ,

ಹಾಸ್ಟೆಲಿನಲ್ಲಿ ವಾರ್ಡನ್ ಪ್ರತಿ ಭಾನುವಾರ ಮನೆಗೆ ಪತ್ರ ಬರೆಸುತ್ತಿದ್ದರು. ‘ನಾನು ಕ್ಷೇಮ’ ಎಂದು ಶುರು ಮಾಡದಿದ್ದರೆ ಹಾಳೆ ವಾಪಸ್ ಬರುತ್ತಿತ್ತು. ಆ ಅಭ್ಯಾಸಕ್ಕೆ ಈಗಲೂ ಹಾಗೇ ಬರೆದು, ಹೊಡೆದು ಹಾಕಿದೆ. ಹಾಗಂತ ಏನೂ ಆಗಿಲ್ಲ. ಊಟ, ನಿದ್ದೆ ಎರಡೂ ಆಗುತ್ತಿವೆ. ಕೈ ಜೋಮು ಹಿಡಿದಾಗ ಅದು ಬೇರೆ ಯಾರದೋ ಕೈ ಅನ್ನಿಸುತ್ತದಲ್ಲ, ಅಪ್ಪ ಹೋದ ಮೇಲೆ ನಾನು ಪೂರ್ತಿ ಹಾಗಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ಊಟ ಆಯ್ತಾ ಅಂತ ಕೇಳಿ ಕಟ್ ಮಾಡಿಬಿಡುತ್ತೇನೆ. ಅದಕ್ಕೇ ಈ ಪತ್ರ. ನನ್ನ ಅರ್ಧ ಇಂಗ್ಲಿಷ್ ಕನ್ನಡಕ್ಕೆ ನಗಬೇಡ.

ವಿಷಯ ಕಾರಿನದು. ಅಮ್ಮನ ರಜೆ ಮುಗಿಯಿತು, ನಾಳೆಯಿಂದ ಆಸ್ಪತ್ರೆಯ ಎಕ್ಸ್‌ರೇ ಕೋಣೆಗೆ ಹೋಗಬೇಕು. ಇಷ್ಟು ವರ್ಷ ಅಪ್ಪ ಬಿಟ್ಟು ಬರುತ್ತಿದ್ದರು, ಇನ್ನು ಅವಳೇ ಓಡಿಸಬೇಕು. ಅಲ್ಲಿ ಸ್ಟಾಫ್ ಪಾರ್ಕಿಂಗ್ ಇರುವುದು ಇಳಿಜಾರಿನಲ್ಲಿ. ಇಳಿಜಾರಿನ ಕೊನೆಗೆ ರೋಗಿಗಳು ಕೂರುವ ಬೆಂಚು. ಕೈಬ್ರೇಕು ಹಿಡಿಯದಿದ್ದರೆ ಏನಾಗುತ್ತದೆಂದು ನನ್ನ ತಲೆಯಲ್ಲಿ ಒಂದೇ ಸಿನಿಮಾ ಓಡುತ್ತಿತ್ತು.

ಅಪ್ಪ ಹೋದ ದಿನ ಅವರು ಹಿಂದಿನ ಚಕ್ರಗಳ ಡ್ರಮ್ ಬ್ರೇಕುಗಳಿಗೆ, ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಹೊಸ ಶೂ ಹಾಕಲು ಅಂಗಳದಲ್ಲಿ ಕಾರನ್ನು ಎತ್ತಿ ನಿಲ್ಲಿಸಿದ್ದರು. ನಡುವೆ ನಿನ್ನ ಫೋನ್ ಬಂತು. ನೀನು ಮದುವೆಯಾಗಬೇಕೆಂದಿರುವ ಆ ಹುಡುಗನ ವಿಷಯ ಎತ್ತಿದ ಕೂಡಲೇ ಆಮೇಲೆ ಮಾತಾಡ್ತೀನಿ ಅಂತ ಅರ್ಧಕ್ಕೇ ಇಟ್ಟರಂತೆ. ಅದಾದ ಮೇಲೆ ಊಟ ಮಾಡಿ ಮಲಗಿದವರು ಏಳಲಿಲ್ಲ. ಸಿಟ್ಟಾಗಿದ್ರಾ ಅಂತ ನೀನು ಇಲ್ಲಿಂದ ಹೊರಡುವಾಗ ಬಸ್ಸಿನ ಕಿಟಕಿಯಿಂದಲೂ ಕೇಳಿದೆ. ಗೊತ್ತಿಲ್ಲ ಅಂದೆ.

ನೀನು ಹೋದ ಮೇಲೆ ನೋಡಿದರೆ ಬಲಗಡೆಯ ಡ್ರಮ್ ಮುಚ್ಚಿತ್ತು. ಆ ಕಡೆ ಮುಗಿದಿದೆ ಎಂದುಕೊಂಡು ಚಕ್ರ ಹಾಕಿ ಬಿಗಿ ಮಾಡಿದೆವು. ಎಡಗಡೆಯದನ್ನು ನಾನು, ಅಮ್ಮ ವಿಡಿಯೋ ನೋಡಿಕೊಂಡು ಮಾಡಿದೆವು. ಮೆಕ್ಯಾನಿಕಲ್ ಓದ್ತಿರೋಳಿಗೆ ಇಷ್ಟೂ ಬರಲ್ವೇನೇ ಅಂದಳು. ಫಸ್ಟ್ ಇಯರಲ್ಲಿ ಇನ್ನೂ ಕೆಮಿಸ್ಟ್ರಿನೇ ನಡೀತಿದೆಯಮ್ಮ ಅಂದೆ. ಒಂದು ಸ್ಪ್ರಿಂಗ್ ಸಿಡಿದು ಗೇಟಿನಾಚೆ ಹೋಗಿ ಬಿತ್ತು. ಅದನ್ನು ಹುಡುಕಿದ್ದಷ್ಟೇ ಆ ದಿನದ ನೆನಪು.

ಕಾಲಿನ ಬ್ರೇಕು ಸರಿಯಾಯಿತು. ಕೈಬ್ರೇಕು ಮಾತ್ರ ಎಳೆದಷ್ಟೂ ಮೇಲೆ ಬರುತ್ತಿತ್ತು, ಎಲ್ಲೂ ಹಿಡಿಯುತ್ತಿರಲಿಲ್ಲ. ಗೇಟಿನ ಇಳಿಜಾರಿನಲ್ಲಿ ನಿಲ್ಲಿಸಿ ನೋಡಿದರೆ ಕಾರು ಮೆಲ್ಲಗೆ ಹಿಂದಕ್ಕೆ ಹೊರಟಿತು. ಎದುರುಮನೆಯ ಡ್ರೈವಿಂಗ್ ಸ್ಕೂಲ್ ಅಂಕಲ್ ಕಾಂಪೌಂಡಿಗೆ ಒರಗಿ, ಏನಮ್ಮಾ ಇಂಜಿನಿಯರ್ರೇ, ಓಡದೇ ಇರೋ ಕಾರು ಬೇಕಾದಷ್ಟು ನೋಡಿದೀನಿ, ನಿಲ್ಲದೇ ಇರೋದನ್ನ ಇವತ್ತೇ ನೋಡಿದ್ದು ಅಂದರು. ಅಮ್ಮ ಎಷ್ಟೋ ದಿನದ ಮೇಲೆ ನಕ್ಕಳು. ನನಗೆ ನಗು ಬರಲಿಲ್ಲ.

ತಪ್ಪು ನಮ್ಮದೇ ಎಂದು ಎಡಗಡೆಯದನ್ನೇ ಬಿಚ್ಚಿದೆ, ಮತ್ತೆ ಬಿಚ್ಚಿದೆ. ಶೂ ಹಿಂದುಮುಂದು ಆಗಿದೆಯಾ ನೋಡಿದೆ. ಹಲ್ಲಿನ ಚಕ್ರ ತಿರುಗಿಸಿ ಶೂಗಳನ್ನು ಡ್ರಮ್ಮಿನ ಹತ್ತಿರ ತಂದೆ. ಕೈಬ್ರೇಕಿನ ಲಿವರಿನ ಬುಡದಲ್ಲಿರುವ ನಟ್ಟನ್ನೂ ಬಿಗಿ ಮಾಡಿದೆ. ಏನೂ ಆಗಲಿಲ್ಲ. ಬಲಗಡೆಯದನ್ನೂ ನೋಡಿಬಿಡೋಣ ಅಂದರೆ ಅಮ್ಮ ಬಿಡಲಿಲ್ಲ. ಅದು ನಿಮ್ಮಪ್ಪ ಕೊನೇದಾಗಿ ಮಾಡಿದ ಕೆಲ್ಸ, ಮುಟ್ಬೇಡ. ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿದೋರು, ಒಂದು ಬ್ರೇಕು ತಪ್ಪು ಹಾಕ್ತಾರಾ ಅಂದಳು. ಅಷ್ಟು ಹೇಳಿ ಪಾತ್ರೆ ತೊಳೆಯಲು ಹೋದಳು.

ನಿನ್ನೆ ಬೆಳಗ್ಗೆ ಎರಡೂ ಚಕ್ರ ಎತ್ತಿ, ಲಿವರ್ ಎಳೆದಿಟ್ಟು, ಅಮ್ಮನನ್ನು ಕರೆದೆ. ಎಡಗಡೆಯದು ಸ್ವಲ್ಪ ಉಜ್ಜುತ್ತಾ ತಿರುಗಿತು. ಬಲಗಡೆಯದನ್ನು ಅವಳೇ ತಿರುಗಿಸಿದಳು. ಸದ್ದೇ ಇಲ್ಲ. ನಿಂತಿತು ಎನ್ನುವಾಗ ಮತ್ತೆ ತಿರುಗಿಸಿದಳು. ಹಾಗೆ ಸುಮಾರು ಹೊತ್ತು ಆಡಿಸುತ್ತಾ ಕೂತಿದ್ದು, ಸ್ಪ್ಯಾನರ್ ಕೊಡು ಅಂದಳು.

ಅಪ್ಪನ ಕೆಂಪು ಬಟ್ಟೆ ಚೂರು ನೆನಪಿದೆಯಲ್ಲ? ಲಿಫ್ಟಿನ ಕೆಲಸ ಅರ್ಧಕ್ಕೆ ಬಿಟ್ಟು ಟೀ ಕುಡಿಯಲು ಹೋದರೂ ಬಿಟ್ಟ ಜಾಗಕ್ಕೆ ಒಂದು ಚೂರು ಕಟ್ಟಿ ಹೋಗುತ್ತಿದ್ದರು. ಅದನ್ನು ಬಿಚ್ಚದೆ ಲಿಫ್ಟು ಓಡುವ ಹಾಗಿಲ್ಲ. ಮನೆಯಲ್ಲೂ ಅದೇ ಚಾಳಿ. ನನ್ನನ್ನು ಮೊದಲು ಹಾಸ್ಟೆಲಿಗೆ ಬಿಟ್ಟಾಗ ಟ್ರಂಕಿನ ಹಿಡಿಗೆ ಒಂದು ಕಟ್ಟಿ, ಈ ಕೆಲ್ಸ ಇನ್ನೂ ಮುಗಿದಿಲ್ಲ ಕಣೇ, ಬರ್ತೀನಿ ಅಂದಿದ್ದರು.

ಡ್ರಮ್ ತೆಗೆದಾಗ ಒಳಗೆ ಎಲ್ಲವೂ ನಮ್ಮದಕ್ಕಿಂತ ನೀಟಾಗಿತ್ತು. ಕೈಬ್ರೇಕಿನ ಕೇಬಲ್ ಮಾತ್ರ ಶೂ ಹಿಂದಿನ ಕೊಕ್ಕೆಗೆ ಸಿಕ್ಕಿಸದೆ ಕೆಳಗೆ ಬಿದ್ದಿತ್ತು. ಅದರ ತುದಿಗೆ ಕೆಂಪು ಚೂರು. ಧೂಳು ಹೋಗದಿರಲಿ ಎಂದು ಡ್ರಮ್ ಮುಚ್ಚಿದ್ದರು, ಅಷ್ಟೇ. ಒಂದು ಕಡೆ ಕೇಬಲ್ ಸಡಿಲ ಇದ್ದರೆ ಇನ್ನೊಂದು ಕಡೆಯದೂ ಹಿಡಿಯುವುದಿಲ್ಲವಂತೆ.

ತಪ್ಪು ಮಾಡಿಲ್ಲ, ಬಿಟ್ಟು ಬಂದಿದ್ರು ಅಷ್ಟೇ ಅಂದಳು ಅಮ್ಮ. ಗಂಟನ್ನು ಉಗುರಿನಲ್ಲಿ ಬಿಡಿಸಿ ರವಿಕೆಯೊಳಗೆ ಇಟ್ಟುಕೊಂಡಳು. ಅವಳು ಇಕ್ಕಳದಲ್ಲಿ ಸ್ಪ್ರಿಂಗನ್ನು ಹಿಂದಕ್ಕೆ ಹಿಡಿದಳು, ನಾನು ಕೇಬಲ್ ಸಿಕ್ಕಿಸಿದೆ. ಈಗ ಲಿವರ್ ಅರ್ಧ ಬರುವಷ್ಟರಲ್ಲೇ ಗಟ್ಟಿ ನಿಲ್ಲುತ್ತದೆ. ಗೇಟಿನ ಇಳಿಜಾರಿನಲ್ಲಿ ಕಾರು ರಾತ್ರಿಯೆಲ್ಲ ನಿಂತಿತ್ತು. ಆದರೂ ಟೈರಿನ ಹಿಂದಿಡಲು ಡಿಕ್ಕಿಯಲ್ಲಿ ಒಂದು ಇಟ್ಟಿಗೆ ಹಾಕಿದ್ದೇನೆ. ನನ್ನ ಟೆನ್ಶನ್ ನಿನಗೆ ಗೊತ್ತಲ್ಲ.

ನಾನು ಇನ್ನೂ ಅತ್ತಿಲ್ಲ. ಅದೇನೂ ತಪ್ಪಲ್ಲ ತಾನೇ?

ನಿನ್ನ
ನಟ್ಟು

ತಾ.ಕ.: ಈ ಕವರಿನಲ್ಲಿರುವುದು ಅಪ್ಪನ ಫೋನಿನ ಚಾರ್ಜರ್. ಆ ದಿನ ಸಂಜೆ ನೆಂಟರ ನಂಬರ್ ಹುಡುಕಲು ಅವರ ಫೋನ್ ತೆಗೆದಾಗ ವೈರಿಗೆ ಈ ಕೆಂಪು ಚೂರು ಕಟ್ಟಿತ್ತು. ಬೆಳಗ್ಗೆ ಇರಲಿಲ್ಲ, ಅದರ ಮೇಲಿನ ಗ್ರೀಸೂ ಹಸಿಯಾಗಿತ್ತು, ಅಂದರೆ ನಿನ್ನ ಫೋನ್ ಇಟ್ಟ ಮೇಲೇ ಕಟ್ಟಿದ್ದು. ನಿನಗೆ ಇನ್ನೂ ಸಂಕಟವಾಗುತ್ತದೆಂದು ಬ್ಯಾಗಿನಲ್ಲಿ ಬಚ್ಚಿಟ್ಟಿದ್ದೆ. ಅಮ್ಮನಿಗೂ ಗೊತ್ತಿಲ್ಲ. ಆ ಹುಡುಗನ ವಿಷಯ ಅವಳ ಹತ್ತಿರ ಪೂರ್ತಿ ಮಾತಾಡಿದ ಮೇಲೆ ನೀನೇ ಬಿಚ್ಚು.