ರಂಗೇಶ ನಿನ್ನನ್ನೇ ಕೇಳಲು ಬರುತ್ತಾನೆ

ಅಮ್ಮಾ,

ಬಡವನಹಳ್ಳಿ ಬಸ್ಸಿನ ಹೊತ್ತಾಯಿತು, ಮೊದಲ ಪಾಠ ನನ್ನದೇ, ಸ್ಕೂಲಿಗೆ ಹೊರಟೆ. ಹಾಲು ಕಾಯಿಸಿಟ್ಟಿದ್ದೇನೆ, ಬೆಕ್ಕು ಬಾಯಿ ಹಾಕೀತು, ನೋಡಿಕೋ.

ಊಟದ ಹೊತ್ತಿಗೆ ರಂಗೇಶ ಬರುತ್ತಾನೆ. ಬಾಗಿಲಲ್ಲೇ ನಿಲ್ಲಿಸಿ ಬಾಯಿ ಮೂಸಬೇಡ! ಕುಡಿತ ಬಿಡಿಸುವ ಕೇಂದ್ರದಿಂದ ಬಂದ ಮೇಲೆ ಅವನು ಒಂದು ಹನಿಯೂ ಮುಟ್ಟಿಲ್ಲ.

ನಿನ್ನೆ ಸಿರಾದಲ್ಲಿ ಗೆಳೆಯನ ಮದುವೆಯಿತ್ತಲ್ಲ, ಹಳೇ ಜೊತೆಗಾರರು ಗ್ಲಾಸನ್ನು ಕೈಗೇ ಕೊಟ್ಟರಂತೆ. ಅದನ್ನು ಅಲ್ಲೇ ಇಟ್ಟು, ಊಟವನ್ನೂ ಬಿಟ್ಟು ಬಸ್ ಸ್ಟ್ಯಾಂಡಿಗೆ ಬಂದು ನನಗೆ ಫೋನ್ ಮಾಡಿದ. "ಒಬ್ನೇ ಕುಂತ್ರೆ ವಾಪಸ್ ಹೋಗ್ಬಿಡ್ತೀನಿ ಕಣೇ, ಬಸ್ ಬರೋಗಂಟ ಏನಾರ ಮಾತಾಡ್ತಿರು" ಅಂದ. ಏನೂ ತೋಚದೆ, ನೀನು ಕೋಳಿ ಹಿಡಿಯಲು ಹೋಗಿ ತಿಪ್ಪೆಗುಂಡಿಗೆ ಬಿದ್ದ ಕತೆ ಹೇಳಿದೆ. ಬಿದ್ದು ಬಿದ್ದು ನಕ್ಕ. ಸಿಟ್ಟಾಗಬೇಡ, ಅವನನ್ನು ಬಸ್ಸು ಹತ್ತಿಸಿದ್ದು ನೀನೇ.

ಆ ನಗು ಕೇಳಿ ನಾನೇ "ಮದುವೆ ಆಗ್ತೀಯಾ?" ಅಂದುಬಿಟ್ಟೆ.

"ಆಯ್ತೀನಿ. ಮೊದ್ಲು ನಿಮ್ಮವ್ವನ್ನ ಕೇಳ್ಬೇಕು" ಅಂದ.

ಅದಕ್ಕೇ ಬರುತ್ತಿದ್ದಾನೆ. ಎಷ್ಟಾದರೂ ಬೈಯಿ, ಆದರೆ ಮುದ್ದೆ ಬಡಿಸಿ ಬೈಯಿ. ಉಪ್ಪಿನಕಾಯಿ ಜಾಡಿ ಮೇಲಿನ ಅಟ್ಟದಲ್ಲಿದೆ, ನೀನು ಹತ್ತಬೇಡ, ಅವನಿಗೇ ಹೇಳು.

ಒಪ್ಪಿದರೆ ಮಾತ್ರ ಸ್ಕೂಲಿಗೆ ಫೋನ್ ಮಾಡು. ಇಲ್ಲವಾದರೆ ಸಂಜೆ ನಾನೇ ಬಂದು ಜಗಳ ಆಡುತ್ತೇನೆ.

ನಿನ್ನ ಸ್ಪಂದನಾ